ಹಾಪುಸಿನ ಮಾತೃಭಾಷೆ

ವಿಲಾಯತಿಗೆ ಓದಲು ಹೋದ ಹುಡುಗರು ಬೇಸಗೆಯ ರಜೆಯಲ್ಲಿ ಹೋಟೆಲಿನ ತಟ್ಟೆ ತೊಳೆದು, ಹಣ್ಣಿನ ತೋಟದಲ್ಲಿ ಬುಟ್ಟಿ ಹೊತ್ತು ಪುಡಿಗಾಸು ಸಂಪಾದಿಸುತ್ತಾರಂತೆ. ಊರಿಗೆ ಬಂದ ಮೇಲೆ ಅದನ್ನೇ ರಸವತ್ತಾಗಿ ವರ್ಣಿಸುತ್ತಾರೆ. ಅಂಥ ಕಥೆಗಳನ್ನು ವಾಚಕರು ಬೇಕಾದಷ್ಟು ಕೇಳಿರಬಹುದು. ನಾವು ಮೂವರು ಮಿತ್ರರು ಹೋದ ಪರದೇಶ ಡೊಂಬಿವಲಿ. ನಗಬೇಡಿ. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದವರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಮರುದಿನ ಕಲ್ಯಾಣದಲ್ಲಿ ಕಣ್ಣುಜ್ಜಿಕೊಳ್ಳುತ್ತ ಇಳಿದಾಗ ಎದುರಾದದ್ದು ತಿಳಿಯದ ಭಾಷೆ ಮತ್ತು ಕಾಲಿಡಲು ಸ್ಥಳವಿಲ್ಲದ ಲೋಕಲ್ ಗಾಡಿ. ಪರದೇಶವೆನ್ನಲು ಪಾಸ್‌ಪೋರ್ಟ್ ಒಂದು ಕಡಿಮೆ, ಅಷ್ಟೆ. ಅದು 2010ರ ಬೇಸಗೆ.

ನನ್ನ ಸೋದರಮಾವ ಅಲ್ಲಿಯ ಚಾಳಿನಲ್ಲಿದ್ದರು. ಅವರ ಪರಿಚಯದ ಮೇಲೆ ಒಂದು ಮಾವಿನಹಣ್ಣಿನ ಅಂಗಡಿಯಲ್ಲಿ ನಮಗೆ ಕೆಲಸ ಸಿಕ್ಕಿತು. ದಿನಕ್ಕೆ 150 ರೂಪಾಯಿ, ಒಡೆದ ಹಣ್ಣು ಧರ್ಮಾರ್ಥ. ಮಿತ್ರರಲ್ಲಿ ಒಬ್ಬ ಧಾರವಾಡದ ಬಳಿಯ ಕೆಲಗೇರಿಯ ಮಾವಿನ ತೋಟದವರ ಮಗ. ಇನ್ನೊಬ್ಬ ಕವಿ, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಂದು ಪದ್ಯ ಅಚ್ಚಾದಂದಿನಿಂದ ಉಗುರು ಕತ್ತರಿಸುವುದನ್ನೂ ಮರೆತಿದ್ದ.

ರಾತ್ರಿ ಎರಡು ಗಂಟೆಗೆ ಟೆಂಪೋ ಏರಿ, ಶೀಳ್ ಫಾಟಾ, ಮಹಾಪೆ ದಾಟಿ ವಾಶಿಯ ಹಣ್ಣಿನ ಮಾರುಕಟ್ಟೆಗೆ ಹೋಗಬೇಕು. ಮುಂಬಯಿಯ ಈ ಸಗಟು ವ್ಯಾಪಾರ ಮೊದಲು ಕ್ರಾಫರ್ಡ್ ಮಾರ್ಕೆಟಿನಲ್ಲಿತ್ತು. 1996ರಲ್ಲಿ ನವಿ ಮುಂಬಯಿಗೆ ಬಂತು. ಅಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಕರವಸ್ತ್ರದ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ವ್ಯವಹಾರ ಮುಗಿಸುತ್ತಿದ್ದರು. ಮೊದಲ ದಿನ ಕವಿ ಇದನ್ನು ಕಂಡು, "ಎಂಥಾ ಸ್ನೇಹ!" ಎಂದು ಗದ್ಗದನಾದ. ಐದೇ ನಿಮಿಷದಲ್ಲಿ ಅವರಿಬ್ಬರೂ ಕರವಸ್ತ್ರ ಬಿಸಾಡಿ ಬೈದಾಡತೊಡಗಿದಾಗ ಆ ಪದ್ಯ ಅಲ್ಲಿಗೇ ನಿಂತಿತು.

ಭಾಷೆಯ ಪಾಡು ಬೇರೆ. ಮರಾಠಿಯಲ್ಲಿ 'ಕಾಯ್' ಎಂದರೆ 'ಏನು' ಎಂಬುದು ನಿಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಕವಿಗೆ ಗೊತ್ತಿರಲಿಲ್ಲ. ಗಿರಾಕಿ ಹೆಂಗಸೊಬ್ಬರು "ಕಾಯ್ ಆಹೆ?" ಎಂದು ಕೇಳಿದರೆ ಇವನು, "ಕಾಯಿ ಅಲ್ಲರೀ ಬಾಯಿ, ಹಣ್ಣ ಆಹೆ!" ಎಂದು ಎದೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಿದ್ದ. ಮಾಲಿಕ ಡಜನ್ ಎಣಿಸುವಾಗ "ದಹಾ, ಅಕರಾ, ಬಾರಾ" ಎಂದನೆಂದರೆ, ತನ್ನನ್ನೇ 'ಬಾರಾ' ಎಂದು ಸಲುಗೆಯಿಂದ ಕರೆದರೆಂದು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುತ್ತಿದ್ದ. ದಿನಕ್ಕೆ ಎಷ್ಟು ಡಜನ್ ಮಾರಾಟವೋ ಅಷ್ಟು ಸಲ ಬಂದ.

ಇನ್ನು ನಮ್ಮ ಮುಖ್ಯ ಉದ್ಯೋಗಕ್ಕೆ ಬರೋಣ. ಧಾರವಾಡ, ಬೆಳಗಾವಿ ಕಡೆಯ ಆಪೂಸೂ ಆ ಮಾರುಕಟ್ಟೆಗೆ ಬರುತ್ತದೆ. ಪೇಟಿಯಲ್ಲಿ ಒಣಹುಲ್ಲು, ಅದರ ಮೇಲೆ ಕನ್ನಡ ಪತ್ರಿಕೆಯ ಹಾಳೆ. ಆ ಹಾಳೆ ತೆಗೆದು, ರದ್ದಿಯಂಗಡಿಯಿಂದ ತಂದ ಮರಾಠಿ ಪತ್ರಿಕೆ ಹಾಸಿ, ಹಣ್ಣನ್ನು ಮತ್ತೆ ಜೋಡಿಸುವುದು ನಮಗೆ ಒಪ್ಪಿಸಿದ ಕೆಲಸ. ಹಣ್ಣಿಗೆ ಅಷ್ಟರಲ್ಲೇ ದೇವಗಡದ ಪಟ್ಟ! ದೇವಗಡದ ಹಾಪುಸಿಗೆ ಸಿಪ್ಪೆ ತೆಳು, ನಮ್ಮದಕ್ಕೆ ತುಸು ದಪ್ಪ. ಬಲ್ಲವರಿಗೆ ತಿಳಿದೀತು, ಅವಸರದಲ್ಲಿ ಲೋಕಲ್ ಹಿಡಿಯುವವರಿಗೆ ಎಲ್ಲಿಯ ಸಿಪ್ಪೆ?

ಕವಿಗೆ ಇದರಿಂದ ಪರಮಾನಂದ. ಪರದೇಶದಲ್ಲಿ ಪುಕ್ಕಟೆ ಕನ್ನಡ ಪತ್ರಿಕೆ! ಒಂದು ಧಾರಾವಾಹಿ ಕಾದಂಬರಿಯ ಕಂತುಗಳನ್ನು ಪೇಟಿಪೇಟಿಯಿಂದ ಆರಿಸಿ, ಒರೆಸಿ, ಹಾಸಿಗೆಯ ಕೆಳಗೆ ಕೂಡಿಡತೊಡಗಿದ. ಕಂತುಗಳು ಹಿಂದುಮುಂದಾಗಿ ಬರುತ್ತಿದ್ದುದರಿಂದ ನಾಯಕಿಯ ಮದುವೆ ಮೊದಲು, ವರಾನ್ವೇಷಣೆ ಆಮೇಲೆ.

ಕೆಲಗೇರಿಯವ ಮಾತ್ರ ನಗುತ್ತಿರಲಿಲ್ಲ. ಅವನ ತಂದೆ ಫಸಲನ್ನು ಗಿಡದ ಮೇಲಿರುವಾಗಲೇ ಗುತ್ತಿಗೆಗೆ ಕೊಡುತ್ತಿದ್ದರು. ಬೆಳೆದವನಿಗೆ ಸಿಕ್ಕಿದ್ದು ಧಾರವಾಡದ ಬೆಲೆ, ತಿಂದವನು ತೆತ್ತದ್ದು ದೇವಗಡದ ಬೆಲೆ. ನಡುವೆ ಇದ್ದದ್ದು ಒಂದು ಕಾಗದದ ದಪ್ಪ. ಮೋಸ ದೇವಗಡದ ರೈತನಿಗೂ ಆಗುತ್ತಿತ್ತೆನ್ನಿ. 2018ರಲ್ಲಿ ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಪಾಲಘರ, ಠಾಣೆ ಈ ಐದು ಜಿಲ್ಲೆಗಳ ಹಾಪುಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನ್ಯಾಯವೇ. ಆದರೆ ಸರಕಾರಿ ಗುಮಾಸ್ತನಾದ ನನಗೆ ಆದೇಶಗಳನ್ನು ಅಕ್ಷರಶಃ ಓದುವ ಚಟ. ಡೊಂಬಿವಲಿ ಠಾಣೆ ಜಿಲ್ಲೆಯಲ್ಲಿದೆ; ಆದ್ದರಿಂದ ಮಾವನ ಚಾಳಿನ ಹಿಂದೆ ಮೋರಿಯ ಪಕ್ಕದಲ್ಲಿ ಗಿಡ ನೆಟ್ಟರೂ ಅದರದು ಹಾಪುಸ್, ಕೆಲಗೇರಿಯದು ಬರಿಯ ಮಾವು! ಅಂದಹಾಗೆ ಆ ಹೆಸರೇ ಪೋರ್ಚುಗೀಸರ ಅಫೋನ್ಸೊ ಅಲ್ಬುಕರ್ಕನದು ಎನ್ನುತ್ತಾರೆ. ಅವನ ಊರು ಈ ಐದರಲ್ಲಿ ಯಾವ ಜಿಲ್ಲೆಯದೋ.

ಅಕ್ಷಯ ತದಿಗೆಯ ಹಿಂದಿನ ದಿನ ಅಂಗಡಿಯ ಮುಂದೆ ಜಾತ್ರೆ. ಒಂಬತ್ತು ಗಜದ ಸೀರೆಯುಟ್ಟ ಮುದುಕಿಯೊಬ್ಬರು ಬಂದು, ತೊಟ್ಟಿನ ಬಳಿ ಮೂಗಿಟ್ಟು ಮೂಸಿ, ಎಲ್ಲಿಯದೆಂದು ಮರಾಠಿಯಲ್ಲಿ ಕೇಳಿದರು. "ಅಸ್ಸಲ್ ದೇವಗಡ, ಕಾಕೂ," ಎಂದ ಮಾಲಿಕ. ಅವರು ಹುಲ್ಲಿನಲ್ಲಿ ಕೈಯಾಡಿಸಿದರು. ನಮ್ಮ ಕಣ್ಣಿಗೆ ತಪ್ಪಿಸಿಕೊಂಡಿದ್ದ ಒಂದು ತುಣುಕು ಕಾಗದ ಕೈಗೆ ಬಂತು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಅವಳಿ ನಗರದಲ್ಲಿ ನಾಳೆ ನೀರು ಪೂರೈಕೆ ಇಲ್ಲ." ಬಳಿಕ ನಮ್ಮತ್ತ ತಿರುಗಿ ಶುದ್ಧ ಧಾರವಾಡ ಕನ್ನಡದಲ್ಲಿ, "ಏನ್ರಪಾ, ದೇವಗಡಕ್ಕ ಮಲಪ್ರಭಾ ನೀರು ಯಾವಾಗಿಂದ ಬಿಡಲಿಕ್ಕೆ ಹತ್ಯಾರ?"

ಮಾಲಿಕ ಗಾಬರಿಯಾಗಿ "ಕಾಯ್? ಕಾಯ್?" ಎಂದ. "ಕಾಯಿ ಅಲ್ಲ, ಹಣ್ಣ," ಎಂದ ಕವಿ.

ಕಾಕೂ ಜಗಳವಾಡಲಿಲ್ಲ. ನಾಲ್ಕು ಡಜನ್ ಬೇಕು, ಧಾರವಾಡದ್ದೆಂದು ಹೇಳಿ ಧಾರವಾಡದ ದರಕ್ಕೆ ಕೊಡು ಎಂದರು. ಸುತ್ತ ಜನ ಕಿವಿ ನಿಮಿರಿಸಿದ್ದರಿಂದ ಆತ ಕೊಟ್ಟ. ಕೆಲಗೇರಿಯವ ಒಂದೊಂದೇ ಹಣ್ಣು ಆರಿಸಿ ಕೈಚೀಲಕ್ಕೆ ಇಟ್ಟ. "ಯಾರ ತೋಟದ್ದೋ ತಮ್ಮಾ?" ಎಂದು ಅವರು ಕೇಳಿದರು. "ನಮ್ಮಪ್ಪಂದೂ ಇರಬಹುದು ಕಾಕೂ. ಗುತ್ತಿಗಿ ಕೊಟ್ಟ ಮ್ಯಾಲೆ ಗುರ್ತು ಸಿಗೂದಿಲ್ಲ," ಎಂದ. ಅವರು ಕ್ಷಣಹೊತ್ತು ಅವನ ಮುಖ ನೋಡಿ, ಇನ್ನೂ ಎರಡು ಡಜನ್ ಹಾಕಿಸಿಕೊಂಡರು.

ಮರುದಿನದಿಂದ ಕಾಕೂ ಕಳಿಸಿದ ಕನ್ನಡ ಹೆಂಗಸರು ಸಾಲುಸಾಲಾಗಿ ಬಂದು ಧಾರವಾಡದ್ದೇ ಬೇಕೆಂದರು. ಮಾಲಿಕನೇನು ದಡ್ಡನೇ? ದರ ಏರಿತು. ಮೇ ಕೊನೆಯಲ್ಲಿ ನಮ್ಮ ಕಡೆಯ ಹಣ್ಣು ತೀರಿದಾಗ, ಎಲ್ಲಿಯದೋ ಮಾವನ್ನು ತಂದು, ಕವಿಯ ಹಾಸಿಗೆಯ ಕೆಳಗಿನ ಕಟ್ಟನ್ನೆಲ್ಲ ಎಳೆಸಿ, ಕನ್ನಡ ಪತ್ರಿಕೆಯಲ್ಲಿ ಸುತ್ತಿ ಮುಂದೆ ಇಡಿಸಿದ. ಕವಿ ಅಂದು ಊಟ ಮಾಡಲಿಲ್ಲ.

ಎರಡು ದಿನ ಬಿಟ್ಟು ಕಾಕೂ ಬಂದರು. ಗುಟ್ಟು ಬಯಲಾಯಿತೆಂದು ನಾವು ಪೇಟಿಗಳ ಹಿಂದೆ ಸರಿದೆವು. ಅವರು ಸೆರಗಿನಿಂದ ಮಡಿಸಿದ ಒಂದು ಹಾಳೆ ತೆಗೆದು ಕೇಳಿದರು:

"ಹಣ್ಣು ಹುಳಿ ಇತ್ತು, ಹೋಗಲಿ ಬಿಡ್ರಿ. ಈ ಕಥೀದು ಮುಂದಿನ ಭಾಗ ಯಾವ ಪೇಟ್ಯಾಗ ಅದ?"