ದೋಣಿ ಇಳಿಸುವ ಮುನ್ನ

ಅಮೆರಿಕದ ಮಿನ್ನೆಸೋಟ ಹತ್ತು ಸಾವಿರ ಕೆರೆಗಳ ನಾಡೆಂದೇ ಹೆಸರುವಾಸಿ. ಬೇಸಿಗೆಯ ವಾರಾಂತ್ಯ ಬಂತೆಂದರೆ ಕಾರಿಗೆ ಟ್ರೇಲರ್ ಕಟ್ಟಿ ದೋಣಿ ಎಳೆದೊಯ್ಯುವವರ ಸಾಲು. ಅಲ್ಲಿನ ಕನ್ನಡಿಗರಲ್ಲಿ ಈ ಹವ್ಯಾಸ ಇರುವವರು ಹೊರಡುವ ಮುನ್ನ ಟ್ರೇಲರನ್ನು ಒಂದು ಸುತ್ತು ಹಾಕಿ ನೋಡಲೇಬೇಕು. ಒಟ್ಟು ತೂಕದ ಸುಮಾರು ಶೇ 10ರಷ್ಟು ಕೊಂಡಿಯ ಮೇಲೆ ಕೂರಬೇಕು. ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ತೊನೆದಾಡಿ ಕಾರನ್ನೇ ದಾರಿ ತಪ್ಪಿಸೀತು. ಸುರಕ್ಷತಾ ಸರಪಳಿಗಳನ್ನು ಕೊಂಡಿಯ ಕೆಳಗೆ ಅಡ್ಡಡ್ಡ ಹಾಕಿದರೆ, ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ರಸ್ತೆಗೆ ಬಡಿಯದೆ ಅವುಗಳ ಮೇಲೆ ನಿಲ್ಲುತ್ತದೆ.

ಸಾಮಾನು ತುಂಬುವುದು, ಪಟ್ಟಿ ಬಿಚ್ಚುವುದು, ದೋಣಿಯ ತಳದ ಬಿರಡೆ ಬಿಗಿಯುವುದು ಎಲ್ಲವೂ ಪಾರ್ಕಿಂಗ್ ಜಾಗದಲ್ಲೇ ಮುಗಿಯಲಿ. ನೀರಿನಂಚಿನ ಇಳಿಜಾರಿನಲ್ಲಿ ನಿಂತು ಐಸ್ ಪೆಟ್ಟಿಗೆ ಜೋಡಿಸುತ್ತ ಕೂತರೆ ಹಿಂದಿನವರೆಲ್ಲ ಬಿಸಿಲಲ್ಲಿ ಬೇಯಬೇಕು. ಇದು ಸಣ್ಣ ತಪ್ಪೆಂದು ನಾವು ಒಪ್ಪಲಾರೆವು. ನಸುಕಿನಲ್ಲಿ ಅಲ್ಲಿ ಹೆಡ್‌ಲೈಟ್ ಆರಿಸಿ. ಪಕ್ಕದಲ್ಲಿ ಹಿಮ್ಮುಖವಾಗಿ ಇಳಿಯುವವರ ಕನ್ನಡಿಯಲ್ಲಿ ಅದು ಕಣ್ಣು ಕುಕ್ಕುತ್ತದೆ.

ಮರಳುವಾಗ ದೋಣಿಯ ನೀರು ಬಸಿಯುವುದು ಅಲ್ಲಿ ಕಾನೂನು. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಉಳಿದ ನೀರಿನಲ್ಲೇ ಇನ್ನೊಂದು ಕೆರೆ ಸೇರುತ್ತವೆ. ಒಮ್ಮೆ ನೆಲೆಯೂರಿದರೆ ತೊಲಗಿಸುವುದು ಹೆಚ್ಚುಕಡಿಮೆ ಅಸಾಧ್ಯ. ಬಿರಡೆ ತೆಗೆದಿಟ್ಟೇ ರಸ್ತೆಗೆ ಇಳಿಯಬೇಕು.