ಹಗುರವಾದ ಹೆಸರು

ಸಂಜೆಯ ಬಸ್ ನಿಲ್ದಾಣ. ಪುಸ್ತಕಗಳನ್ನು ಎದೆಗವಚಿಕೊಂಡು ನಿಂತ ಹುಡುಗಿಯೊಬ್ಬಳನ್ನು ಕಂಡು ನಾಲ್ವರು ಹುಡುಗರು ಸಿಳ್ಳು ಹಾಕುತ್ತಾರೆ. ಒಬ್ಬನು ಚಲನಚಿತ್ರದ ಹಾಡನ್ನು ಅವಳಿಗೆ ಕೇಳುವಂತೆ ತಿರುಚಿ ಹಾಡುತ್ತಾನೆ. ಮತ್ತೊಬ್ಬನು ನೂಕುನುಗ್ಗಲಿನ ನೆಪದಲ್ಲಿ ಮೈ ತಾಗಿಸುತ್ತಾನೆ. ಸುತ್ತಲಿನ ಹಿರಿಯರು ಮುಖ ತಿರುಗಿಸುತ್ತಾರೆ. ಕೇಳಿದರೆ, “ಹುಡುಗರು ಚುಡಾಯಿಸುತ್ತಿದ್ದಾರೆ, ಅಷ್ಟೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ನೋಟ ಒಂದೂರಿನದಲ್ಲ. ಇದನ್ನು ಕಾಣದ ಊರೇ ವಿರಳ.

ಆ ‘ಅಷ್ಟೆ’ ಎಂಬ ಮಾತು ವಿಚಾರಾರ್ಹವಾದುದು. ಚುಡಾಯಿಸುವುದು, ಕೀಟಲೆ, ಚೇಷ್ಟೆ ಇವೆಲ್ಲ ಸಲುಗೆಯ ಪದಗಳು. ಅಣ್ಣನು ತಂಗಿಯ ಜಡೆ ಎಳೆದು ಓಡುವುದೂ ಕೀಟಲೆಯೇ; ಅಲ್ಲಿ ಕೊನೆಗೆ ಇಬ್ಬರೂ ನಗುತ್ತಾರೆ. ನಿಲ್ದಾಣದಲ್ಲಿ ನಗುವವರು ಒಂದು ಕಡೆಯವರು ಮಾತ್ರ. ಭಾರತದ ಇಂಗ್ಲಿಷಿನಲ್ಲಿ ಬಳಕೆಯಾದ ‘ಈವ್ ಟೀಸಿಂಗ್’ ಎಂಬ ಪದವಂತೂ ಇನ್ನೂ ವಿಚಿತ್ರ. ಈವ್ ಎಂಬುವಳು ಬೈಬಲಿನ ಆದಿಸ್ತ್ರೀ. ಆದಮನಿಗೆ ನಿಷಿದ್ಧ ಫಲವನ್ನು ಕೊಟ್ಟವಳು. ತಪ್ಪಿನ ಮೂಲ ಹೆಣ್ಣಿನಲ್ಲೇ ಇದೆಯೆಂಬ ಸೂಚನೆ ಹೆಸರಿನೊಳಗೇ ಅಡಗಿ ಕುಳಿತಿದೆ!

1998ರಲ್ಲಿ ಚೆನ್ನೈ ನಗರದಲ್ಲಿ ಇಂಥದೇ ‘ಕೀಟಲೆ’ಗೆ ಸಿಕ್ಕಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪ್ರಾಣವನ್ನೇ ಕಳೆದುಕೊಂಡಳು. ಅನಂತರ ತಮಿಳುನಾಡು ರೂಪಿಸಿದ ಕಾಯಿದೆಗೂ ಮೊದಲು ಈ ಹಗುರವಾದ ಹೆಸರೇ ಇತ್ತು. ಮುಂದೆ ಅದನ್ನು ತೆಗೆದು ‘ಕಿರುಕುಳ’ ಎಂಬ ಪದವನ್ನಿರಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಹೊರತಂದ ಕೈಪಿಡಿಯೂ ಹಳೆಯ ಪದವನ್ನು ಕೈಬಿಡುವಂತೆ ಸೂಚಿಸಿದೆ. ಅದೇ ನ್ಯಾಯಾಲಯ 1997ರ ವಿಶಾಖಾ ಪ್ರಕರಣದಲ್ಲಿ, ಉದ್ಯೋಗಸ್ಥಳಗಳನ್ನು ಕುರಿತು ಹೇಳುವಾಗ, ಲೈಂಗಿಕ ಕಿರುಕುಳವೆಂದರೆ ‘ಬೇಡವಾದ’ ಲೈಂಗಿಕ ವರ್ತನೆ ಎಂದು ವಿವರಿಸಿತು. ‘ಬೇಡವಾದ’ ಎಂಬ ಒಂದು ಪದದಲ್ಲಿ ಎಲ್ಲವೂ ಇದೆ. ಮಾಡಿದವನಿಗೆ ಅದು ತಮಾಷೆಯಾಗಿತ್ತೆ ಎಂಬುದಲ್ಲ, ಎದುರಿನವರಿಗೆ ಬೇಕಾಗಿತ್ತೆ ಎಂಬುದೇ ಪ್ರಶ್ನೆ.

ಕಿರುಕುಳದ ಬೆಲೆಯನ್ನು ತೆರುವವಳು ಹುಡುಗಿ. ಮರುದಿನ ಅವಳು ದಾರಿ ಬದಲಿಸುತ್ತಾಳೆ. ಅದು ಒಂದು ಮೈಲಿ ಸುತ್ತು. ಸಂಜೆಯ ವಿಶೇಷ ತರಗತಿಯನ್ನು ಬಿಡುತ್ತಾಳೆ. ಮನೆಯಲ್ಲಿ ಹೇಳಿದರೆ ಶಾಲೆಯನ್ನೇ ಬಿಡಿಸಿಯಾರೆಂದು ಹೆದರಿ ಮೌನವಾಗುತ್ತಾಳೆ. ಹುಡುಗರ ದಾರಿಯಾದರೋ ಹಿಂದಿನಂತೆಯೇ ಇರುತ್ತದೆ.

ಹೆಣ್ಣನ್ನು ಗೌರವಿಸಬೇಕೆಂದಾಗ ಕೆಲವರಿಗೆ ದೇವತೆಯರ ನೆನಪಾಗುತ್ತದೆ. ವೇದಿಕೆಯ ಮೇಲೆ ಸ್ತ್ರೀಯನ್ನು ಶಕ್ತಿಯೆಂದು ಕೊಂಡಾಡಿ, ಕೆಳಗಿಳಿದೊಡನೆ ಹಾದುಹೋಗುವವಳನ್ನು ಅಡಿಯಿಂದ ಮುಡಿಯವರೆಗೆ ಅಳೆಯುವವರೂ ಉಂಟು. ಆ ಹುಡುಗಿ ಪೂಜೆಯನ್ನು ಬಯಸಿದವಳಲ್ಲ. ಬಸ್ಸು ಬರುವವರೆಗೆ ಯಾರ ಗೊಡವೆಯೂ ಇಲ್ಲದೆ ನಿಲ್ಲುವುದಷ್ಟೇ ಅವಳಿಗೆ ಬೇಕಾದುದು.

ಹದಿನೆಂಟು ತುಂಬದ ಹುಡುಗಿಗೂ ಹುಡುಗನಿಗೂ 2012ರ ಪೋಕ್ಸೊ ಕಾಯಿದೆಯ ರಕ್ಷಣೆಯಿದೆ; 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯಿದೆ. ಆದರೆ ಕಾಯಿದೆಗಿಂತ ಮೊದಲೇ ನಿಲ್ದಾಣದಲ್ಲಿದ್ದವರು ಆ ಹಿರಿಯರು. ಅವರಲ್ಲೊಬ್ಬರು ಬಂದು ಹುಡುಗಿಯ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೂ ಆ ಸಂಜೆಯ ಸಿಳ್ಳು ಬಹುಶಃ ನಿಲ್ಲುತ್ತಿತ್ತು.