ಹೊಸಪೇಟೆಗೆ ಬಂದ್ರೆ ಹೊಳೆ ಮೀನು ತಗೊಳ್ಳಿ

ಹಂಪಿ ನೋಡೋಕೆ ಬಂದವರು ಹೊಸಪೇಟೆಯಲ್ಲೂ ಬಂಗಡೆ, ಅಂಜಲ್ ಹುಡುಕ್ತಾರೆ. ಅಂಕೋಲಾ ಕಡಲು ಇಲ್ಲಿಂದ ಮುನ್ನೂರು ಕಿ.ಮೀ. ಹತ್ತಿರ; ಅಲ್ಲಿನ ಮೀನು ಐಸ್‌ನಲ್ಲೇ ಬರಬೇಕು. ಊರ ಪಕ್ಕದಲ್ಲೇ ಟಿಬಿ ಡ್ಯಾಂ ಇದೆಯಲ್ಲ! 1953ರಿಂದ ನೀರು ನಿಂತಿರುವ ಈ ಹಿನ್ನೀರಲ್ಲಿ ರೋಹು, ಕಾಟ್ಲಾ, ಬಾಳೆಮೀನು ಸಿಗುತ್ತವೆ.

ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೀಬೇಕು. ಬೆರಳಲ್ಲಿ ಒತ್ತಿದ ಗುಳಿ ಕೂಡಲೇ ತುಂಬ್ಕೋಬೇಕು. ಸಂಡೂರು ಸುತ್ತಿ ಬರೋ ಪ್ಲಾನ್ ಇದ್ರೆ, ಮೀನಿನ ತೂಕದಷ್ಟೇ ಐಸ್ ಬಾಕ್ಸಿಗೆ ತುಂಬಿ. ಇಲ್ಲಿನ ಬಿಸಿಲು ಯಾರನ್ನೂ ಬಿಡಲ್ಲ.

ಜೊತೆಗೆ ಮಕ್ಕಳಿದ್ರೆ ಹೊಟ್ಟೆ ಭಾಗದ ತುಂಡೇ ಕೇಳಿ. ರೋಹು, ಕಾಟ್ಲಾದ ಬೆನ್ನು, ಬಾಲದ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳು ಅಡಗಿರುತ್ತೆ. ಗಂಟಲಿಗೆ ಸಿಕ್ಕಿಕೊಳ್ಳೋದು ಅದೇ. ಹೊಟ್ಟೆ ಕಡೆ ಇರೋದು ದೊಡ್ಡ ಪಕ್ಕೆಮುಳ್ಳು, ಕೈಗೆ ಸಿಗುತ್ತೆ.

‘ಹೊಳೆ ಮೀನು ಮಣ್ಣು ವಾಸನೆ’ ಅಂತ ಮೂಗು ಮುರೀಬೇಡಿ. ಅದು ನೀರಿನ ಸೂಕ್ಷ್ಮಜೀವಿಗಳಿಂದ ಬರುವ ಜಿಯೋಸ್ಮಿನ್. ಹುಳಿ ತಾಗಿದರೆ ತಗ್ಗುತ್ತೆ. ಉಪ್ಪು, ಅರಿಶಿನ, ಹುಣಸೆರಸ ಸವರಿ ಕಾಲು ಗಂಟೆ ಬಿಟ್ಟು ತೊಳೀರಿ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಒಣ ಕೊಬ್ಬರಿ ರುಬ್ಬಿದ ಹುಳಿಸಾರು ಚೆನ್ನಾಗಿ ಕುದ್ದ ಮೇಲೆ ತುಂಡು ಹಾಕಿ. ಸೌಟು ಆಡಿಸಬೇಡಿ, ಪಾತ್ರೆ ಅಲುಗಿಸಿ. ಹತ್ತು ನಿಮಿಷ ಸಾಕು.

ಒಂದು ಮಾತು: ಹಂಪಿ ಗುಡಿಯ ಸುತ್ತ ಮಾಂಸದಡುಗೆ ನಡೆಯಲ್ಲ. ಒಲೆ ಹೊಸಪೇಟೆಯಲ್ಲೇ ಹಚ್ಚಿ. ಪಕ್ಕಕ್ಕೆ ಕಂಪ್ಲಿ ಅಕ್ಕಿಯ ಅನ್ನ ಇರಲಿ. ಅದೂ ತುಂಗಭದ್ರೆಯ ನೀರು ಕುಡಿದೇ ಬೆಳೆದದ್ದು.